ನೆಲದ ಗುಣ

ರಾಯಚೂರು ಸೀಮೆಯ ರೈತನಿಗೆ ಹೊಸ ಬೀಜವೊಂದರ ಗುಣಗಾನ ಮಾಡಹೊರಟರೆ ಅವನು ಮೊದಲು ಕೇಳುವುದು ನೆಲದ ಮಾತನ್ನು. ಎರೆಗೋ, ಮಸಾರಿಗೋ? ಕಾಲುವೆಯ ನೀರಿಗೋ, ಮಳೆಯ ನೀರಿಗೋ? ಮಾನ್ವಿಯಲ್ಲಿ ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೆಳಗೆ ಹುಲುಸಾಗಿ ನಿಂತ ಭತ್ತ, ದೇವದುರ್ಗದ ನೀರಿಲ್ಲದ ಹೊಲದಲ್ಲಿ ಮೊಳಕೆಯಲ್ಲಿಯೇ ಸೊರಗುತ್ತದೆಂಬುದನ್ನು ಅವನಿಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ. ಅರ್ಬುದ ಅಥವಾ ಕ್ಯಾನ್ಸರ್ ಎಂಬ ರೋಗದ ವಿಚಾರದಲ್ಲಿ ವೈದ್ಯವಿಜ್ಞಾನವು ಇದೇ ಮಾತನ್ನು ಒಮ್ಮೆ ಅರಿತು, ಬಹುಕಾಲ ಮರೆತು, ಈಚೆಗೆ ಮತ್ತೆ ಜ್ಞಾಪಿಸಿಕೊಂಡಿದೆ. ಆ ಜ್ಞಾಪಕವು ನಮ್ಮ ಸೀಮೆಯ ಜನಕ್ಕೆ ಏಕೆ ಮುಖ್ಯ, ಅದನ್ನು ಬೆಂಗಳೂರಿನವರ ಪಾಲಿಗೆ ಬಿಟ್ಟು ನಾವು ಸುಮ್ಮನಿರುವುದು ಏಕೆ ಸಲ್ಲದು ಎಂಬುದನ್ನು ಹೇಳಬೇಕೆಂಬುದೇ ನನ್ನ ಉದ್ದೇಶ.

1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯನು ಸ್ತನದ ಅರ್ಬುದದಿಂದ ಮಡಿದ 735 ಮಂದಿಯ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಕಲೆಹಾಕಿ ನೋಡಿದನು. ರೋಗವು ಮೂಲಸ್ಥಾನವನ್ನು ಬಿಟ್ಟು ಬೇರೆ ಅಂಗಗಳಲ್ಲಿ ನೆಲಸುವುದು ರಕ್ತದ ಓಟಕ್ಕೆ ಸಿಕ್ಕ ಆಕಸ್ಮಿಕ ಮಾತ್ರವಾಗಿದ್ದರೆ, ರಕ್ತ ಹೇರಳವಾಗಿ ಹರಿಯುವ ಎಲ್ಲ ಅಂಗಗಳಲ್ಲಿಯೂ ಅದು ಹೆಚ್ಚು ಕಡಮೆ ಸಮನಾಗಿ ಕಾಣಬೇಕಾಗಿದ್ದಿತು. ಹಾಗೆ ಕಾಣಲಿಲ್ಲ. ಪಿತ್ತಜನಕಾಂಗದಲ್ಲಿ ಮತ್ತೆ ಮತ್ತೆ ಕಂಡಿತು, ಗುಲ್ಮದಲ್ಲಿ ಅಪರೂಪವಾಗಿ ಕಂಡಿತು. ಅವನ ತೀರ್ಮಾನವನ್ನು ನಮ್ಮ ರೈತನ ಮಾತಿನಲ್ಲಿ ಹೇಳುವುದಾದರೆ ಇಷ್ಟೆ: ಬೀಜ ಎಲ್ಲಿಗೆ ಬೇಕಾದರೂ ಹೋಗಿ ಬೀಳಲಿ, ಒಗ್ಗಿದ ನೆಲ ಸಿಕ್ಕದೆ ಅದು ಹುಟ್ಟುವುದಿಲ್ಲ.

ಆದರೆ ಆಮೇಲಿನ ಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಕಾಲವನ್ನು ವಿಜ್ಞಾನವು ಬಹುಮಟ್ಟಿಗೆ ಬೀಜದ ಪರೀಕ್ಷೆಯಲ್ಲಿಯೇ ಕಳೆಯಿತು. ಅದಕ್ಕೆ ಕಾರಣವೂ ಉಂಟು. ಬೀಜವನ್ನು, ಎಂದರೆ ರೋಗದ ಜೀವಕೋಶವನ್ನು, ದೇಹದಿಂದ ಹೊರತೆಗೆದು ತಟ್ಟೆಯಲ್ಲಿ ಬೆಳೆಸುವುದು ಸಾಧ್ಯವಾಯಿತು; ನೆಲವನ್ನು ಹಾಗೆ ಕಿತ್ತು ತರುವುದು ಸಾಧ್ಯವಾಗಲಿಲ್ಲ. ಮೊದಲು ಗಾಜಿನ ತಟ್ಟೆ, ಆಮೇಲೆ ಪ್ಲಾಸ್ಟಿಕ್ಕಿನ ತಟ್ಟೆ. ಅದರ ಸಮತಟ್ಟಾದ ತಳಕ್ಕೆ ಅಂಟಿಕೊಂಡು ಜೀವಕೋಶಗಳು ಚಪ್ಪಟೆಯಾಗಿ ಹರಡಿ ಬೆಳೆಯುತ್ತವೆ. ಆದರೆ ನಮ್ಮ ದೇಹದಲ್ಲಿ ಯಾವ ಜೀವಕೋಶವೂ ಹಾಗೆ ಬಂಡೆಯ ಮೇಲೆ ಮಲಗಿರುವುದಿಲ್ಲ. ಅದರ ಸುತ್ತಲೂ ಮೇಲೂ ಕೆಳಗೂ ನಾರು ಮತ್ತು ಲೋಳೆಗಳಿಂದಾದ ಒಂದು ಹಂದರವಿದೆ. ಆ ಹಂದರದ ಮೃದುತ್ವಕ್ಕೆ ಹೋಲಿಸಿದರೆ ಪ್ಲಾಸ್ಟಿಕ್ಕಿನ ತಳವು ಲಕ್ಷಾಂತರ ಪಟ್ಟು ಗಡುಸು. ಎರೆಯ ಹೊಲದ ಬೆಳೆಯನ್ನು ಪರಶಿಕಲ್ಲಿನ ಮೇಲೆ ಬಿತ್ತಿ, ಅದರ ನಡವಳಿಕೆಯನ್ನು ಬರೆದಿಟ್ಟುಕೊಂಡಂತಾಯಿತು ಇದು. ಬರೆದಿಟ್ಟುದೆಲ್ಲ ಸುಳ್ಳೇನೂ ಅಲ್ಲ. ಆದರೆ ಅದು ಹೊಲದ ಸತ್ಯವಲ್ಲ.

ಈ ಕೊರತೆಯನ್ನು ತುಂಬಲು ಹುಟ್ಟಿದುದೇ ಜೆಲ್. ವಾಚಕರು ಈ ಹೆಸರಿಗೆ ಬೆದರಬೇಕಾಗಿಲ್ಲ. ನೀರನ್ನು ಹಿಡಿದಿಟ್ಟುಕೊಂಡು, ಹರಿಯದೆ, ಗಟ್ಟಿಯೂ ಆಗದೆ ನಡುವಿನ ಸ್ಥಿತಿಯಲ್ಲಿ ನಿಲ್ಲುವ ವಸ್ತು ಅದು. ಮದುವೆಯ ಮನೆಯಲ್ಲಿ ಚೀನಾ ಹುಲ್ಲಿನಿಂದ ಮಾಡಿದ ಸಿಹಿಯನ್ನು ತಿಂದವರೆಲ್ಲರೂ ಜೆಲ್ಲನ್ನು ಬಲ್ಲರು. ಪ್ರಯೋಗಶಾಲೆಯಲ್ಲಿ ಮುಖ್ಯವಾಗಿ ಮೂರು ಬಗೆಯವು ಬಳಕೆಯಲ್ಲಿವೆ. ಮೊದಲನೆಯದು ಇಲಿಯೊಂದರ ವಿಶಿಷ್ಟ ಗಡ್ಡೆಯಿಂದ ತೆಗೆದ ಸಾರ. ಮ್ಯಾಟ್ರಿಜೆಲ್ ಎಂದು ಅದರ ವ್ಯಾಪಾರದ ಹೆಸರು. ಚೀನಾ ಹುಲ್ಲಿನ ಸಿಹಿ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಇದಾದರೋ ತಣ್ಣಗಿದ್ದಾಗ ನೀರಾಗಿದ್ದು ಮೈಬಿಸಿಗೆ ಬಂದಾಗ ಹೆಪ್ಪುಗಟ್ಟುತ್ತದೆ. ಎರಡನೆಯದು ಕೊಲ್ಲಾಜೆನ್, ಚರ್ಮಕ್ಕೂ ಸ್ನಾಯುರಜ್ಜುವಿಗೂ ಬಿಗಿ ಕೊಡುವ ನಾರು ಇದೇ, ಮೂಳೆ ತೊಗಲುಗಳನ್ನು ಬೇಯಿಸಿ ಬಡಗಿಯು ಮಾಡಿಕೊಳ್ಳುತ್ತಿದ್ದ ಅಂಟಿನ ಮೂಲವೂ ಇದೇ. ಮೂರನೆಯದು ಮನುಷ್ಯನೇ ರಸಾಯನಗಳಿಂದ ಕಟ್ಟಿದ ಜೆಲ್. ಪ್ರಾಣಿಮೂಲದ ಸಾರವು ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ; ಕಟ್ಟಿದ ಜೆಲ್ಲಿನಲ್ಲಿ ಗಡುಸೆಷ್ಟಿರಬೇಕು, ಜೀವಕೋಶವು ಹಿಡಿದುಕೊಳ್ಳಲು ಎಷ್ಟು ಆಸರೆಗಳಿರಬೇಕು, ಅದು ದಾರಿ ಕೊರೆದುಕೊಳ್ಳುವಂತೆ ಎಷ್ಟು ಹೊಲಿಗೆಗಳು ಬಿಚ್ಚುವಂತಿರಬೇಕು ಎಂಬುದನ್ನೆಲ್ಲ ಒಂದೊಂದಾಗಿ ಗೊತ್ತುಮಾಡಬಹುದು. ನೆಲವನ್ನೇ ಹದಮಾಡಿ ಅಳೆದು ಕೊಡುವ ವಿದ್ಯೆ ಇದು.

ಈ ವಿದ್ಯೆಯಿಂದ ತಿಳಿದುಬಂದುದು ಸಾಮಾನ್ಯವಾದುದಲ್ಲ. 1992ರಲ್ಲಿ ಮೀನಾ ಬಿಸೆಲ್ ಮತ್ತು ಅವರ ಸಂಗಡಿಗರು, ತಟ್ಟೆಯ ಮೇಲೆ ಒಂದೇ ತೆರನಾಗಿ ಕಾಣುವ ಆರೋಗ್ಯದ ಮತ್ತು ರೋಗದ ಸ್ತನಕೋಶಗಳನ್ನು ಜೆಲ್ಲಿನೊಳಗೆ ಇಟ್ಟಾಗ, ಆರೋಗ್ಯದವು ಸಣ್ಣ ಗುಂಡುಗಳಾಗಿ ಕೂಡಿಕೊಂಡು ಬೆಳೆಯುವುದನ್ನು ನಿಲ್ಲಿಸುವುದನ್ನೂ, ರೋಗದವು ಅಡ್ಡಾದಿಡ್ಡಿಯಾಗಿ ಬೆಳೆಯುತ್ತ ಹೋಗುವುದನ್ನೂ ತೋರಿಸಿದರು. 1997ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗಕೋಶವು ತನ್ನ ಸುತ್ತಣ ಹಂದರವನ್ನು ಹಿಡಿಯುವ ಕೈಯೊಂದನ್ನು ತಡೆದರೆ, ಅದರ ಬೀಜಗುಣ ಹಾಗೆಯೇ ಇದ್ದರೂ ಅದು ಸಭ್ಯವಾಗಿ ವರ್ತಿಸತೊಡಗುವುದೆಂದು ಕಂಡುಕೊಂಡರು. 2005ರಲ್ಲಿ ವೆಲೆರಿ ವೀವರ್ ಅವರ ತಂಡವು ಗಡುಸಿನ ವಿಷಯವನ್ನು ಎತ್ತಿಕೊಂಡಿತು. ಇಲಿಯ ಆರೋಗ್ಯವಾದ ಸ್ತನದ ಗಡುಸು ಪ್ಯಾಸ್ಕಲ್ ಎಂಬ ಮಾನದಲ್ಲಿ ಸುಮಾರು 170. ಗಡ್ಡೆಯಾದ ಸ್ತನದ್ದು ಸುಮಾರು 4,000. ಜೆಲ್ಲನ್ನು ಆ ಮಟ್ಟಕ್ಕೆ ಗಡುಸು ಮಾಡಿದಾಗ ಆರೋಗ್ಯದ ಕೋಶಗಳ ಕಟ್ಟಡವೂ ಕೆಟ್ಟಿತು. 2009ರಲ್ಲಿ ಅದೇ ತಂಡವು, ಕೊಲ್ಲಾಜೆನ್ನಿನ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವು ಹೆಚ್ಚಾದರೆ ಅಂಗವು ಗಡುಸಾಗಿ ರೋಗ ಮುನ್ನುಗ್ಗುವುದೆಂದೂ, ಆ ಹೊಲಿಗೆಯನ್ನು ತಡೆದರೆ ರೋಗದ ವೇಗ ತಗ್ಗುವುದೆಂದೂ ಪ್ರಕಟಿಸಿತು. ವಾಚಕರು ಈ ಕಿಣ್ವದ ಹೆಸರನ್ನು ಮರೆತರೂ ಅದರ ಹೊಲಿಗೆಯ ಕೆಲಸವನ್ನು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರಾಯ್ ಭಟ್ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಸ್ತನಾರ್ಬುದದ ಕೋಶಗಳ ಗುಂಪಿಗೆ ಮೊದಲು ಮ್ಯಾಟ್ರಿಜೆಲ್ಲಿನಂಥ ತೆಳುವಾದ ಹೊದಿಕೆಯನ್ನು ಕೊಟ್ಟು, ಅನಂತರ ಅದನ್ನು ಕೊಲ್ಲಾಜೆನ್ನಿನ ನಡುವೆ ಹುದುಗಿಸಿದರು. ದೇಹದಲ್ಲಿ ಗಡ್ಡೆಯು ಮೊದಲು ಒಳಪೊರೆಯನ್ನು ಭೇದಿಸಿ, ಆಮೇಲೆ ನಾರಿನ ಕಾಡನ್ನು ದಾಟಬೇಕಾಗುತ್ತದಷ್ಟೆ. ಆ ಎರಡು ಆವರಣಗಳನ್ನೂ ಅವರು ತಟ್ಟೆಯೊಳಗೆ ತಂದರು. ಕೋಶಗಳು ಕೆಲವೊಮ್ಮೆ ಕೈ ಕೈ ಹಿಡಿದ ಗುಂಪಾಗಿಯೂ, ಕೆಲವೊಮ್ಮೆ ಒಂಟಿಯಾಗಿಯೂ ಹೊರಡುವುದು, ಬೀಜ ಮತ್ತು ನೆಲಗಳೆರಡರ ಪರಸ್ಪರ ವ್ಯವಹಾರದಿಂದ ನಿರ್ಧಾರವಾಗುತ್ತದೆಂಬುದು ಅದರ ಸಾರಾಂಶ.

ಇಲ್ಲಿಯವರೆಗಿನದು ಬಹುಮಟ್ಟಿಗೆ ಸ್ತನಾರ್ಬುದದ ಕಥೆಯಾಯಿತು. ನಮ್ಮ ರಾಯಚೂರಿನ ಬಸ್ ನಿಲ್ದಾಣದ ಸುತ್ತಣ ಪಾನ್ ಅಂಗಡಿಗಳ ಮುಂದೆ ಒಂದು ಗಳಿಗೆ ನಿಂತರೆ ಬೇರೆಯೇ ಒಂದು ನೆಲದ ಕಥೆ ಕಣ್ಣಿಗೆ ಬೀಳುತ್ತದೆ. ತೋರಣದಂತೆ ತೂಗುಬಿಟ್ಟ ಸಣ್ಣ ಸಣ್ಣ ಚೀಟಿಗಳಲ್ಲಿ ಅಡಿಕೆಯ ಚೂರು. ಪಕ್ಕದ ಚೀಟಿಯಲ್ಲಿ ತಂಬಾಕು. 2013ರಲ್ಲಿ ರಾಜ್ಯ ಸರ್ಕಾರವು ಗುಟ್ಕಾವನ್ನು ನಿಷೇಧಿಸಿದ ಮೇಲೆ ಒಂದೇ ಚೀಟಿಯಲ್ಲಿದ್ದುದು ಎರಡಾಯಿತು. ಅಂಗೈಯಲ್ಲಿ ಮತ್ತೆ ಒಂದಾಯಿತು. ದೇವದುರ್ಗದಿಂದ ಬಂದ ಹಮಾಲಿಯೂ, ಮಾನ್ವಿಯಿಂದ ಕಾಲೇಜಿಗೆ ಬಂದ ಹುಡುಗನೂ ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಜ್ಜಿಯ ಸಂಚಿಯಲ್ಲಿದ್ದ ಎಲೆ, ಸುಣ್ಣ, ಅಡಿಕೆಗಳಿಗೆ ಊಟದ ಹೊತ್ತಿನ ಮಿತಿಯಾದರೂ ಇದ್ದಿತು. ಚೀಟಿಗೆ ಹೊತ್ತೂ ಇಲ್ಲ, ಮಿತಿಯೂ ಇಲ್ಲ.

ಅಡಿಕೆಯನ್ನು ಹೀಗೆ ಬಿಡುವಿಲ್ಲದೆ ಅಗಿಯುವವರಲ್ಲಿ ಕೆಲವರಿಗೆ ಕ್ರಮೇಣ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಮೊದಲು ರೊಟ್ಟಿಯೊಡನೆ ಖಾರ ತಿಂದರೆ ಬಾಯಿಯುರಿ. ಆಮೇಲೆ ಕೆನ್ನೆಯ ಒಳಗಿನ ಪೊರೆ ಬಿಳಿಚಿಕೊಂಡು ಬಿಗಿಯುತ್ತದೆ. ಬೆರಳಿಟ್ಟರೆ ಹಗ್ಗದಂಥ ಪಟ್ಟಿಗಳು ತಾಕುತ್ತವೆ. ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗಿ, ತುತ್ತನ್ನು ಚೂರು ಮಾಡಿ ತುರುಕಬೇಕಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ವರದಿ ಮಾಡಿದುದು ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಮುಂದಿನ ವರ್ಷ ಭಾರತದಲ್ಲಿಯೇ ಜೋಶಿ ಎಂಬ ವೈದ್ಯರು ಇದಕ್ಕೆ ಪೊರೆಯಡಿಯ ನಾರುಗಟ್ಟುವಿಕೆ ಎಂಬರ್ಥದ ಹೆಸರನ್ನು ಕೊಟ್ಟರು. ಸಮುದ್ರ ದಾಟಿ ಹೋದರೂ ಅಡಿಕೆಯ ಸಂಚಿಯೊಡನೆ ಹೋದ ರೋಗ ಇದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷಗಳ ಕಾಲ ಹಿಂಬಾಲಿಸಿ ನೋಡಿದವರು, ಅವರಲ್ಲಿ ನೂರಕ್ಕೆ 7.6ರಷ್ಟು ಮಂದಿಗೆ ಬಾಯಿಯ ಅರ್ಬುದವಾಯಿತೆಂದು 1985ರಲ್ಲಿ ಪ್ರಕಟಿಸಿದರು. ತಂಬಾಕಿಲ್ಲದಿದ್ದರೂ ಅಡಿಕೆಯೇ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಹೊರತಂದ ಸಂಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ.

ಬಿಗಿದುಕೊಂಡ ಆ ಕೆನ್ನೆಯೊಳಗೆ ನಡೆಯುತ್ತಿರುವುದೇನು? ಅಡಿಕೆಯಲ್ಲಿನ ಅರೆಕೊಲಿನ್ ಎಂಬ ವಸ್ತುವು ಕೊಲ್ಲಾಜೆನ್ ನೇಯುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಎಳೆಗಳನ್ನು ಹೊಲಿಯುವ ಲೈಸಿಲ್ ಆಕ್ಸಿಡೇಸಿಗೆ ತಾಮ್ರವಿಲ್ಲದೆ ಕೈ ಆಡುವುದಿಲ್ಲ. ಹೀಗೆ ನಾರೂ ಹೆಚ್ಚುತ್ತದೆ, ನಾರಿನ ಹೊಲಿಗೆಯೂ ಹೆಚ್ಚುತ್ತದೆ. ಗಮನಿಸಬೇಕಾದುದು ಇಲ್ಲಿಯೇ. ಅಮೆರಿಕದ ಪ್ರಯೋಗಶಾಲೆಯಲ್ಲಿ ಪ್ರಯತ್ನಪೂರ್ವಕವಾಗಿ ಮಾಡಿದ ಪರೀಕ್ಷೆಗೆ ಹೋಲುವ ಕ್ರಿಯೆಯೊಂದು ನಮ್ಮ ಜನರ ಬಾಯಿಯೊಳಗೆ, ಯಾರೂ ಅಳೆಯದೆ, ಯಾರೂ ಬರೆದಿಡದೆ, ವರ್ಷಗಟ್ಟಲೆ ನಡೆಯುತ್ತಿದೆ. ಬೀಜ ಮೊಳೆಯುವ ಮೊದಲೇ ನೆಲ ಕೆಟ್ಟಿರುತ್ತದೆ. ನೆಲ ಹೇಗೆ ಬೀಜವನ್ನು ಕೆರಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಸೂಕ್ತವಾದ ರೋಗ ಸಿಕ್ಕುವುದು ಕಷ್ಟ.

ಆದುದರಿಂದ ನನ್ನ ಅಭಿಪ್ರಾಯ ಇದು. ಜೆಲ್ಲಿನ ವಿದ್ಯೆಯು ಇನ್ನು ಮುಂದೆ ನಮ್ಮ ಬಾಯಿಯ ನೆಲವನ್ನು ಮಾದರಿಯಾಗಿಟ್ಟುಕೊಂಡು ಬೆಳೆಯಬೇಕು. ಬೀಜದ ಕೆಲಸದಲ್ಲಿ ಭಾರತವು ಹಿಂದೆ ಬಿದ್ದಿಲ್ಲ. ಪಾಶ್ಚಾತ್ಯರಲ್ಲಿ ಹೆಚ್ಚಾಗಿ ನಾಲಗೆಯಲ್ಲಿ ಕಾಣುವ ಬಾಯಿಯ ಅರ್ಬುದವು ನಮ್ಮಲ್ಲಿ ಹೆಚ್ಚಾಗಿ ಕೆನ್ನೆ ಮತ್ತು ವಸಡುಗಳ ಸಂದಿನಲ್ಲಿ, ಅಡಿಕೆ ತಂಬಾಕುಗಳನ್ನು ಒತ್ತರಿಸಿಡುವ ಜಾಗದಲ್ಲಿಯೇ ಕಾಣುತ್ತದೆ. ಆ ಗಡ್ಡೆಗಳ ವಂಶವಾಹಿಗಳನ್ನು ಓದಿ ನಮ್ಮ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಬೀಜವನ್ನು ಓದಿದಷ್ಟೇ ಶ್ರದ್ಧೆಯಿಂದ ನೆಲವನ್ನೂ ಓದುವುದು ಉಳಿದಿರುವ ಕೆಲಸ. ಬಿಗಿದ ಕೆನ್ನೆಯ ಗಡುಸೆಷ್ಟು, ನಾರಿನ ಹೆಣಿಗೆ ಎಂಥದು ಎಂಬುದನ್ನು ಅಳೆದು, ಅದೇ ಹದದ ಜೆಲ್ಲನ್ನು ಕಟ್ಟಿ, ರೋಗಿಗಳ ಕೋಶಗಳನ್ನೇ ಅದರಲ್ಲಿಟ್ಟು ನೋಡಿದರೆ, ಯಾರ ಬಾಯಿಯ ಬಿಗಿತವು ಅರ್ಬುದಕ್ಕೆ ತಿರುಗೀತು, ಯಾರದು ತಿರುಗದು ಎಂಬುದಕ್ಕೆ ಸುಳಿವು ದೊರೆಯಬಹುದು. ಬಾಯಿಯ ಗಡ್ಡೆಯು ಕುತ್ತಿಗೆಯ ಗಂಟುಗಳಿಗೆ ಹರಡಿತೆಂದರೆ ರೋಗಿ ಬದುಕುಳಿಯುವ ಸಂಭವ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಹರಡುವ ಮೊದಲೇ ತಿಳಿಯುವ ಸುಳಿವಿಗೆ ಬೆಲೆ ಕಟ್ಟುವವರಾರು?

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪವನ್ನು ನಾನು ಬಲ್ಲೆ, ಗೌರವಿಸುತ್ತೇನೆ. “ತಾಲ್ಲೂಕಿನಲ್ಲಿ ಬಾಯಿ ನೋಡುವ ವೈದ್ಯರೇ ಸಾಲದು, ಜೆಲ್ಲಿನ ಮಾತು ಯಾರಿಗೆ ಬೇಕು?” ಎಂಬುದೇ ಅದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಲ್ಲಿ ಕುಳಿತ ಧರಣಿಯು ಸಾವಿರ ದಿನಗಳನ್ನೂ ದಾಟಿ ನಡೆಯಿತು. ಅಷ್ಟು ದಿನ ಜನ ಬೀದಿಯಲ್ಲಿ ಕುಳಿತುದು ಚಪಲಕ್ಕಲ್ಲ. ಅರ್ಬುದದ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಶಾಖೆಗೋ, ಹೈದರಾಬಾದಿಗೋ, ಒಂದು ರಾತ್ರಿಯ ಪ್ರಯಾಣ ಮಾಡಿ ಬೆಂಗಳೂರಿಗೋ ಹೋಗಬೇಕಾದವನ ಕಷ್ಟ, ಅವನೊಡನೆ ಕೂಲಿ ಬಿಟ್ಟು ಹೋಗುವ ಹೆಂಡತಿಯ ಕಷ್ಟ, ಇವನ್ನು ಯಾವ ಜೆಲ್ಲೂ ಕರಗಿಸಲಾರದು. ಇದು ನಿಜ. ಆದರೆ ಇವೆರಡರಲ್ಲಿ ಒಂದನ್ನು ಮಾತ್ರ ಕೇಳಬೇಕೆಂದು ನಮಗೆ ಹೇಳಿದವರಾರು? ಮಾನ್ವಿಯ ಭತ್ತಕ್ಕೆ ಕಾಲುವೆಯೂ ಬೇಕಾಯಿತು, ತಳಿಯ ಸಂಶೋಧನೆಯೂ ಬೇಕಾಯಿತು. ಕಾಲುವೆ ಬಂದ ಮೇಲೆ ಸಂಶೋಧನೆಯಾಗಲಿ ಎಂದು ಯಾರೂ ಕಾಯಲಿಲ್ಲ. 2009ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಇಲ್ಲಿನ ನೆಲದ ಪರೀಕ್ಷೆ ಇಲ್ಲಿಯೇ ನಡೆಯಬೇಕೆಂಬ ಮಾತನ್ನು ಎಲ್ಲರೂ ಸಹಜವೆಂದೇ ಒಪ್ಪಿದರು. ಹೊಲಕ್ಕೆ ಒಪ್ಪಿದುದನ್ನು ಮೈಗೆ ಒಪ್ಪಬಾರದೇಕೆ?

ಎರಡನೆಯ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ, ಅದು ಇನ್ನೂ ತೂಕದ್ದು. ಜೆಲ್ಲು ದೇಹವಲ್ಲ. ಅದರಲ್ಲಿ ರಕ್ತ ಹರಿಯುವುದಿಲ್ಲ, ರೋಗವನ್ನು ಎದುರಿಸುವ ಕಾವಲಿನ ಕೋಶಗಳು ಸಾಮಾನ್ಯವಾಗಿ ಇರುವುದಿಲ್ಲ, ಬಾಯಿಯ ಜೊಲ್ಲಿಲ್ಲ, ಹುಳುಕುಹಲ್ಲಿನ ಉಜ್ಜಾಟವಿಲ್ಲ, ಇಪ್ಪತ್ತು ವರ್ಷಗಳ ಚಟವಂತೂ ಇಲ್ಲ. ಮೂರು ವಾರದ ಪ್ರಯೋಗವನ್ನು ಒಂದು ಬಾಳಿನ ರೋಗಕ್ಕೆ ಸಮನೆಂದು ಭಾವಿಸುವುದು ಅವಿವೇಕ. ಜೆಲ್ಲಿನಲ್ಲಿ ಕೋಶಗಳನ್ನು ನಿಲ್ಲಿಸಿದ ಮದ್ದೆಲ್ಲ ಮನುಷ್ಯನಲ್ಲಿ ರೋಗವನ್ನು ನಿಲ್ಲಿಸಲಿಲ್ಲವೆಂಬುದಕ್ಕೆ ಅರ್ಬುದ ಸಂಶೋಧನೆಯ ಇತಿಹಾಸವೇ ಸಾಕ್ಷಿ. ಆದರೆ ಈ ಆಕ್ಷೇಪವು ಜೆಲ್ಲನ್ನು ಬಿಡಲು ಕಾರಣವಾಗುವುದಿಲ್ಲ; ಯಾವ ಜೆಲ್ಲು, ಯಾರ ಕೋಶ ಎಂದು ಇನ್ನಷ್ಟು ಕಟ್ಟುನಿಟ್ಟಾಗಿ ಕೇಳಲು ಕಾರಣವಾಗುತ್ತದೆ. ಇಲಿಯ ಗಡ್ಡೆಯ ಸಾರದಲ್ಲಿ ಪರದೇಶದ ರೋಗಿಯ ಕೋಶವನ್ನಿಟ್ಟು ಪಡೆದ ಉತ್ತರವು ದೇವದುರ್ಗದ ಬಿಗಿದ ಕೆನ್ನೆಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ? 2023ರಲ್ಲಿ ಭಾರತ ಸರ್ಕಾರವು ಹೊಸ ಮದ್ದುಗಳ ನಿಯಮಗಳನ್ನು ತಿದ್ದಿ, ಪ್ರಾಣಿಗಳ ಮೇಲಿನ ಪರೀಕ್ಷೆಯ ಜೊತೆಗೆ ಅಥವಾ ಅದಕ್ಕೆ ಬದಲಾಗಿ ಇಂಥ ಮಾನವಕೋಶಗಳ ಮಾದರಿಗಳನ್ನು ಬಳಸಲು ಅವಕಾಶ ಕೊಟ್ಟಿದೆ. ಎಂದರೆ, ಈ ತಟ್ಟೆಗಳಲ್ಲಿ ಯಾರ ನೆಲ ಇದೆಯೋ ಅವರ ರೋಗಕ್ಕೆ ಮದ್ದು ಮೊದಲು ಹುಟ್ಟುವ ಕಾಲ ಬರುತ್ತಿದೆ. ಆ ತಟ್ಟೆಯಲ್ಲಿ ನಾವು ಇಲ್ಲದಿದ್ದರೆ ನಷ್ಟ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ತಟ್ಟೆಯಲ್ಲಿ ನಾವಿರಬೇಕೆಂಬ ಮಾತಿಗೆ ಒಂದು ಕಟ್ಟು ಇದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಹೆಂಗಸಿನ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ಆಕೆ ಅದೇ ವರ್ಷ ತೀರಿಕೊಂಡಳು. ಮನೆಯವರಿಗೆ ವಿಷಯ ತಿಳಿದುದು ಎಷ್ಟೋ ವರ್ಷಗಳ ಮೇಲೆ. ನಮ್ಮ ಸೀಮೆಯ ಬಡವರ ಬಾಯಿಯ ತುಣುಕು ಹಾಗೆ ಹೆಸರಿಲ್ಲದ ಸರಕಾಗಬಾರದು. ಏನನ್ನು ತೆಗೆಯುತ್ತೇವೆ, ಏತಕ್ಕೆ, ಎಲ್ಲಿಗೆ ಒಯ್ಯುತ್ತೇವೆ ಎಂಬುದನ್ನು ರೋಗಿಗೆ ಅವನ ಕನ್ನಡದಲ್ಲಿಯೇ, ಹೆಬ್ಬೆಟ್ಟು ಒತ್ತುವವನಿಗೂ ತಿಳಿಯುವಂತೆ ಹೇಳಬೇಕು. ಬೇಡವೆನ್ನುವ ಹಕ್ಕು ಅವನಿಗಿರಬೇಕು. ಬೇಡವೆಂದವನ ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಬಾರದು.

ಇದನ್ನು ನಡೆಸಲು ರಾಯಚೂರಿನಲ್ಲಿ ಆಕಾಶದಿಂದ ಏನೂ ಇಳಿದುಬರಬೇಕಾಗಿಲ್ಲ. 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇಲ್ಲಿದೆ, ದಂತವೈದ್ಯ ಕಾಲೇಜುಗಳಿವೆ. ಬಿಗಿದ ಬಾಯಿಗಳು ಮೊದಲು ಬರುವುದು ದಂತವೈದ್ಯರ ಕುರ್ಚಿಗೇ. ರೋಗನಿದಾನಕ್ಕೆಂದು ಹೇಗೂ ತೆಗೆಯುವ ತುಣುಕಿನಲ್ಲಿ ಒಂದಿಷ್ಟನ್ನು, ಒಪ್ಪಿಗೆ ಪಡೆದು, ಶೀತದಲ್ಲಿ ಕಾಪಾಡಿಡುವ ಒಂದು ಕೋಠಿ. ರೋಗಿಯ ವಯಸ್ಸು, ಊರು, ಚಟ, ಬಾಯಿ ತೆರೆಯುವ ಅಳತೆಗಳನ್ನು ಬರೆದಿಡುವ ಒಂದು ದಫ್ತರ. ವರ್ಷಕ್ಕೊಮ್ಮೆ ಅವನನ್ನು ಮತ್ತೆ ಕರೆದು ನೋಡುವ ಒಬ್ಬ ತರುಣ ವೈದ್ಯ. ಬೆಂಗಳೂರಿನಲ್ಲಿ ಜೆಲ್ಲು ಕಟ್ಟಬಲ್ಲವರೊಡನೆ ಸಮಾನಸ್ಕಂಧರ ಒಪ್ಪಂದ, ಇಷ್ಟಾದರೆ ಕೆಲಸ ಆರಂಭವಾಗುತ್ತದೆ. ಎರ್ನಾಕುಲದವರು 66 ಜನರನ್ನು 17 ವರ್ಷ ಹಿಂಬಾಲಿಸಿದುದು ಯಂತ್ರಗಳ ಬಲದಿಂದಲ್ಲ, ತಾಳ್ಮೆಯ ಬಲದಿಂದ. ಆ ತಾಳ್ಮೆ ನಮ್ಮ ಸೀಮೆಯ ಬುದ್ಧಿವಂತ ಮಕ್ಕಳಲ್ಲಿಲ್ಲವೆಂದು ನಾನು ನಂಬಲಾರೆ.

ಜೆಲ್ಲಿನಿಂದ ಉತ್ತರ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಕನ್ನಡಿಯ ಮುಂದೆ ನಿಂತು, ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೇರವಾಗಿ ಬಾಯೊಳಗೆ ಇಟ್ಟು ನೋಡಿರಿ. ಆರೋಗ್ಯವಾದ ಬಾಯಿಗೆ ಮೂರೂ ಹಿಡಿಸುತ್ತವೆ. ಎರಡಕ್ಕೇ ಬಾಯಿ ಬಿಗಿದರೆ, ಕೆನ್ನೆಯಲ್ಲಿ ಬಿಳಿಯ ಪಟ್ಟಿ ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಅಡಿಕೆಯ ಚೀಟಿಯನ್ನು ಅಂದೇ ಬಿಟ್ಟು ದಂತವೈದ್ಯರನ್ನು ಕಾಣಬೇಕು. ಒಮ್ಮೆ ಬಿಗಿದ ನಾರು ಪೂರ್ತಿಯಾಗಿ ಸಡಿಲುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಮಾನ್ವಿ, ದೇವದುರ್ಗಗಳ ಶಾಲೆಯ ಉಪಾಧ್ಯಾಯರು ಈ ಮೂರು ಬೆರಳಿನ ಪರೀಕ್ಷೆಯನ್ನು ಮೇಲಿನ ತರಗತಿಯ ಹುಡುಗರಿಗೆ ಒಂದು ದಿನ ಹೇಳಿಕೊಡಲಿ. ಹುಡುಗರು ಅದನ್ನು ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ತೋರಿಸುತ್ತಾರೆ. ಅಷ್ಟರಿಂದಲೇ ಕೆಲವರಾದರೂ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳುವ ಮೊದಲೇ ಆಸ್ಪತ್ರೆಯ ಬಾಗಿಲಿಗೆ ಬಂದಾರು.